ಅಪೊಲಿನ್ ಬಾಯಿಗೊಂದು ಜಾಗ

"ಚ್ಚು" ಎಂದು ಸಣ್ಣಗೆ ಸದ್ದಾಯಿತು. ನಡುರಾತ್ರಿ ಕಳೆದು ಎಷ್ಟೋ ಹೊತ್ತಾಗಿತ್ತು. ಹಲ್ಲಿ ಇರಬೇಕೆಂದು ಫೆಲ್ಸಿ ಮಂಕು ಬಲ್ಬಿನ ಬೆಳಕಿನಲ್ಲಿ ಗೋಡೆಯನ್ನೆಲ್ಲ ನೋಡಿದಳು. ಹಲ್ಲಿ ಕಾಣಲಿಲ್ಲ.

ತಾಯಿಯ ಮಂಚದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ತೂಕಡಿಕೆ ಬಾರದಿರಲೆಂದು ಅವಳು ಮೆಲುದನಿಯಲ್ಲಿ ಜಪಸರದ ಪ್ರಾರ್ಥನೆ ಹೇಳುತ್ತಿದ್ದಳು. ಬೆರಳು ಮಣಿಗಳನ್ನು ದಾಟುತ್ತಿತ್ತು, ಬಾಯಿ ತನ್ನಷ್ಟಕ್ಕೆ ಹೇಳುತ್ತಿತ್ತು, ಮನಸ್ಸು ಮಾತ್ರ ಸಂಜೆ ಆಡಿದ ಮಾತುಗಳ ಹತ್ತಿರವೇ ನಿಂತಿತ್ತು. ಹಾಗಾಗಿ ಒಂದೊಂದು ಸುತ್ತಿಗೆ ನೆನೆಯಬೇಕಾದ ಯೇಸುವಿನ ಪಾಡುಗಳಲ್ಲಿ, ಚಾಟಿಯೇಟು ಬಿದ್ದ ರಹಸ್ಯವನ್ನು ಮುಗಿಸಿದವಳು ಮುಳ್ಳಿನ ಕಿರೀಟವನ್ನು ಬಿಟ್ಟು ನೇರವಾಗಿ ಶಿಲುಬೆ ಹೊರುವಲ್ಲಿಗೆ ಹೋಗಿಬಿಟ್ಟಿದ್ದಳು. ಸದ್ದು ಕೇಳಿದ್ದು ಆಗಲೇ.

ಆ ಸದ್ದು ಅವಳಿಗೆ ಹುಟ್ಟಿದಂದಿನಿಂದ ಪರಿಚಯದ್ದು. ಪ್ರಾರ್ಥನೆಯಲ್ಲಿ ಮಕ್ಕಳು ಒಂದು ಸಾಲು ನುಂಗಿದರೆ, ಅನ್ನದ ಅಗುಳು ನೆಲಕ್ಕೆ ಬಿದ್ದರೆ, ಸೊಸೆ ಮೀನಿಗೆ ಹುಳಿ ಹೆಚ್ಚು ಹಾಕಿದರೆ, ತಾಯಿ ಅಪೊಲಿನ್ ಬಾಯಿ ಬೈಯುತ್ತಿರಲಿಲ್ಲ; ನಾಲಗೆಯನ್ನು ಅಂಗುಳಕ್ಕೆ ತಾಗಿಸಿ "ಚ್ಚು" ಎನ್ನುತ್ತಿದ್ದಳು. ಅಷ್ಟಕ್ಕೇ ಎಲ್ಲರೂ ಸರಿಯಾಗುತ್ತಿದ್ದರು.

ಫೆಲ್ಸಿ ಮಂಚದತ್ತ ಬಾಗಿದಳು. ತಾಯಿಯ ಕಣ್ಣು ತೆರೆದಿತ್ತು. ಒಂದು ರೆಪ್ಪೆ ಜೋತುಬಿದ್ದಿತ್ತು, ಆದರೆ ನೋಟ ಖಾಲಿಯಾಗಿರಲಿಲ್ಲ.

"ಮಾಯ್, ನಿನಗೆ ಕೇಳ್ತದಾ?"

ಅಪೊಲಿನ್ ಬಾಯಿ ಬಹಳ ಹೊತ್ತು ಮಗಳ ಮುಖವನ್ನೇ ನೋಡಿದಳು. ಆಮೇಲೆ ಕುತ್ತಿಗೆಯನ್ನು ಕಷ್ಟಪಟ್ಟು ಗೋಡೆಯ ಕಡೆಗೆ ಹೊರಳಿಸಿದಳು.

ತಾಯಿಗೆ ಈಗ ಕೇಳುತ್ತದೆ ಎಂದರೆ ಸಂಜೆಯೂ ಕೇಳಿರಬೇಕು.

ಹಿಂದಿನ ಭಾನುವಾರ ಪೂಜೆ ಮುಗಿಸಿ ಬಂದು ಜಗಲಿಯಲ್ಲಿ ಚಪ್ಪಲಿ ಕಳಚುವಾಗ ಅಪೊಲಿನ್ ಬಾಯಿ ಕುಸಿದುಬಿದ್ದಿದ್ದಳು. ಪಾರ್ಶ್ವವಾಯು ಎಂದರು ಡಾಕ್ಟರು. ಬೋಧ ಇಲ್ಲ, ನೀವು ಆಡಿದ್ದು ಯಾವುದೂ ಅವರಿಗೆ ತಿಳಿಯುವುದಿಲ್ಲ, ಇನ್ನು ಹೆಚ್ಚು ದಿನ ಎಳೆಯುವುದೂ ಕಷ್ಟ ಎಂದರು. ಮೂಡಬಿದಿರೆಯ ಹೈಸ್ಕೂಲಿನಲ್ಲಿ ಟೀಚರಾಗಿದ್ದ ಫೆಲ್ಸಿ ತಂತಿ ಸಿಕ್ಕಿದ ಕೂಡಲೇ ಬಂಟ್ವಾಳಕ್ಕೆ ಓಡಿ ಬಂದಳು. ಪೇಟೆಯಲ್ಲಿ ಗೋಲಿಸೋಡಾದ ಫ್ಯಾಕ್ಟರಿ ಇಟ್ಟಿದ್ದ ತಮ್ಮ ವಲೇರಿಯನ್, ಅವನ ಹೆಂಡತಿ ಹಿಲ್ಡಾ, ಫೆಲ್ಸಿ, ಮೂವರೂ ಸರದಿಯಲ್ಲಿ ಕಾದರು. ನಿನ್ನೆ ಸಂಜೆ ಗುರ್ಕಾರ ಬಲ್ತಜಾರ್ ಬಂದ. ತನ್ನ ವಾಡೆಯ ಕ್ರಿಸ್ತುವರ ಮನೆಗಳಲ್ಲಿ ಹುಟ್ಟು ಸಾವುಗಳಾದಾಗ ಇಗರ್ಜಿಯ ಪರವಾಗಿ ನಿಂತು ನಡೆಸುವವನು ಅವನು. ಜಗಲಿಯಲ್ಲಿ ಸೋಡಾ ಬಾಟ್ಲಿಗಳ ಪೆಟ್ಟಿಗೆಗಳು ತುಂಬಿದ್ದುದರಿಂದ ಅವನನ್ನು ರೋಗಿಯ ಕೋಣೆಯಲ್ಲೇ ಕೂರಿಸಿದರು. ಹೇಗೂ ತಿಳಿಯದವಳ ಎದುರು ಮಾತಾಡಲು ಯಾರಿಗೂ ಸಂಕೋಚವಾಗಲಿಲ್ಲ.

"ದೇವರು ಕರೆದ ಮೇಲೆ ಓಡಾಡುದಕ್ಕಿಂತ ಮೊದಲೇ ಒಂದು ಲೆಕ್ಕ ಮಾಡಿಡುವ," ಎಂದು ಬಲ್ತಜಾರ್ ಶುರು ಮಾಡಿದ್ದ. "ಹಲಸಿನ ಪೆಟ್ಟಿಗೆ ಬೇಡ ಮಾರಾಯ, ಭಾರ. ಹೊರುವವರ ಬಾಯಿಂದ ಪ್ರಾರ್ಥನೆ ಬರುದಿಲ್ಲ, ಬೇರೆಯೇ ಬರ್ತದೆ." ಅವನು ಮಂಚದ ತಲೆಯಿಂದ ಕಾಲಿನವರೆಗೆ ಒಮ್ಮೆ ಕಣ್ಣು ಹಾಯಿಸಿ ಅಳತೆ ತೆಗೆದ. "ಉದ್ದವೂ ಹೆಚ್ಚು ಬೇಡ. ಬಾಯಿ ಸಣ್ಣ ಜನ."

"ಸಣ್ಣ ಜನ ಆದ್ರೆ ಎಂತ? ಒಳಗಿಂದ ಒಮ್ಮೆ ಚ್ಚು ಅಂದ್ರೆ ಹೊತ್ತವರೆಲ್ಲ ಪೆಟ್ಟಿಗೆ ಕೆಳಗಿಡ್ಬೇಕು," ಎಂದ ವಲೇರಿಯನ್. ಅತ್ತು ಅತ್ತು ಬಾತಿದ್ದ ಅವನ ಮುಖದಲ್ಲಿ ನಗು ಬಂದದ್ದು ನೋಡಿ ಎಲ್ಲರೂ ನಕ್ಕರು. ಫೆಲ್ಸಿಯೂ ನಕ್ಕಳು.

ಹಿಲ್ಡಾ ಅತ್ತೆಯ ಸಾಡೊ ತೆಗೆದು ತಂದು ತೋರಿಸಿದಳು. ಮದುವೆಯ ದಿನ ಉಟ್ಟ ಆ ಕೆಂಪು ಸೀರೆಯನ್ನು ಅಪೊಲಿನ್ ಬಾಯಿ ಇದಕ್ಕೆಂದೇ ಇಟ್ಟುಕೊಂಡಿದ್ದಳು. ಜರಿ ಕಪ್ಪಾಗಿದೆ, ಆದರೂ ಅಡ್ಡಿಯಿಲ್ಲ ಎಂದಾಯಿತು. ಫೋಟೋ ತೆಗೆಯುವವನಿಗೆ ಹೇಳಿಡಬೇಕೆಂದ ವಲೇರಿಯನ್.

"ಪೇಟೆಯ ಸ್ಟುಡಿಯೋದವ ಬೇಡ," ಎಂದ ಬಲ್ತಜಾರ್. "ಹೋದ ತಿಂಗಳು ಒಂದು ಕಡೆ ಹೆಣದ ಸುತ್ತ ಎಲ್ಲರನ್ನೂ ನಿಲ್ಲಿಸಿ, ಸ್ವಲ್ಪ ನಗಿ ಅಂದ ಬೇವರ್ಸಿ. ಅಭ್ಯಾಸಬಲ."

ಹಾಗೆ ನಗುತ್ತ ನಗುತ್ತಲೇ ಮಾತು ಗುಂಡಿಗೆ ಬಂತು.

"ಗುಂಡಿ ಇಲ್ಲಿಯೇ ಅಲ್ವಾ?" ಎಂದು ಕೇಳಿದ ಬಲ್ತಜಾರ್. "ಬಾಯಿಯ ಯಜಮಾನರು ನೆರಿಯದಲ್ಲಿ ಮಲಗಿದವರು. ಕೆಲವರಿಗೆ ಒಂದು ಆಸೆ ಇರ್ತದೆ. ಹಾಗಾಗಿ ಕೇಳಿದೆ."

ಅಪ್ಪ ನೆರಿಯದ ಏಲಕ್ಕಿ ಎಸ್ಟೇಟಿನಲ್ಲಿ ರೈಟರಾಗಿದ್ದು, ಫೆಲ್ಸಿ ಸಣ್ಣವಳಿದ್ದಾಗಲೇ ಜ್ವರದಲ್ಲಿ ತೀರಿಕೊಂಡಿದ್ದರು. ಅಲ್ಲಿನ ಕೂಲಿಯವರ ಪ್ರಾರ್ಥನೆಗಾಗಿ ಕಟ್ಟಿದ ಪುಟ್ಟ ಕಪೆಲಿನ ಹಿಂದೆ, ಕಾಡಿಗೆ ತಾಗಿ ಅವರ ಸಮಾಧಿ.

"ನೆರಿಯಕ್ಕಾ!" ಎಂದ ವಲೇರಿಯನ್. "ಲಾರಿ ಮಾಡ್ಬೇಕು. ಹೊಳೆಗೆ ಸಂಕ ಇಲ್ಲ. ಇಲ್ಲಿಯ ಜನ ಯಾರು ಅಷ್ಟು ದೂರ ಬರ್ತಾರೆ? ಮತ್ತೆ ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಗೋರಿಯ ಮೇಲೆ ಮೊಂಬತ್ತಿ ಹಚ್ಲಿಕ್ಕೆ ಹೋಗುದು ಯಾರು? ಜಿಗಣೆಗಳಾ?" ಆಮೇಲೆ ಅವನು ಅಕ್ಕನ ಕಡೆಗೆ ತಿರುಗಿದ. ದನಿ ಮೆತ್ತಗಾಯಿತು. "ಅಕ್ಕಾ, ಮಾಯ್ ನಿನ್ನ ಹತ್ರ ಎಂತಾದ್ರೂ ಹೇಳಿದ್ದುಂಟಾ? ಹೇಳಿದ್ದರೆ ಮತ್ತೆ ಬೇರೆ ಮಾತಿಲ್ಲ. ಹೇಗಾದರೂ ಮಾಡುವ."

ಹೇಳಿದ್ದುಂಟು. ಹಿಂದಿನ ನವೆಂಬರಿನಲ್ಲಿ ತಾಯಿ ಮಗಳು ಇಬ್ಬರೇ ನೆರಿಯಕ್ಕೆ ಹೋಗಿದ್ದರು. ಸಮಾಧಿಯ ಮೇಲಿನ ಕಳೆ ಕಿತ್ತು, ಮೊಂಬತ್ತಿ ಹಚ್ಚಿ, ಅಪೊಲಿನ್ ಬಾಯಿ ಪಕ್ಕದ ಖಾಲಿ ನೆಲವನ್ನು ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟಿದ್ದಳು. "ಇದು ನನಗೆ. ತಿಳೀತಾ ಪುತಾ? ನಿನ್ನ ಅಪ್ಪನಿಗೆ ಕತ್ತಲೆಯಲ್ಲಿ ಒಬ್ಬನೇ ಮಲಗ್ಲಿಕ್ಕೆ ಮೊದಲಿಂದಲೂ ಹೆದರಿಕೆ. ಯಾರ ಹತ್ರವೂ ಹೇಳ್ತಿರಲಿಲ್ಲ." ಫೆಲ್ಸಿ ಕಾಲಿಗೆ ಕಚ್ಚಿದ ಜಿಗಣೆಯನ್ನು ಕೀಳುತ್ತ "ಆಯ್ತು ಮಾಯ್" ಎಂದಿದ್ದಳು.

ತಮ್ಮ ಕೇಳಿದಾಗ ಅದೆಲ್ಲ ಒಂದೇ ಕ್ಷಣದಲ್ಲಿ ಕಣ್ಣ ಮುಂದೆ ಬಂತು. ಜೊತೆಗೆ ಲಾರಿ, ಹೊಳೆ, ಮಾತಿಗೆ ಮಾತು ಬೆಳೆದು ಹಿಲ್ಡಾಳ ಮುಖ ಗಂಟಿಕ್ಕುವುದು, ಬಂಧುಗಳು ಗೊಣಗುವುದು ಕೂಡ ಬಂತು. ಫೆಲ್ಸಿಗೆ ಎಲ್ಲಿ ಯಾವ ರಂಪವಾದೀತೆಂದು ಮುಂದಾಗಿಯೇ ಕಾಣುತ್ತಿತ್ತು. ಅದು ಅವಳ ಹುಟ್ಟುಗುಣ. ಮಲಗಿದ ತಾಯಿಯನ್ನೊಮ್ಮೆ ನೋಡಿದಳು. ಮುಖದಲ್ಲಿ ಅಲುಗಾಟವಿರಲಿಲ್ಲ.

"ಖಚಿತವಾಗಿ ಅಂತ ಏನೂ ಹೇಳಿಲ್ಲ," ಎಂದಳು.

ಪೂರಾ ಸುಳ್ಳಾಗದ ಹಾಗೆ, ನಿಜವೂ ಆಗದ ಹಾಗೆ ಅಳೆದು ಇಟ್ಟ ಮಾತು. ವಲೇರಿಯನ್ ಹಗುರಾದ. "ಹಾಗಾದ್ರೆ ಇಲ್ಲಿಯೇ," ಎಂದ ಬಲ್ತಜಾರ್, ಮತ್ತು ಗಂಜಿಯ ವಿಷಯಕ್ಕೆ ಹೋದ. ಮಣ್ಣು ಮಾಡಿ ಬಂದವರಿಗೆ ಯಾರ ಮನೆಯಿಂದ ಗಂಜಿ, ಯಾರ ಮನೆಯಿಂದ ಉಪ್ಪಿನಕಾಯಿ ಎಂದು.

ಈಗ, ಈ ಹೊತ್ತಿನಲ್ಲಿ, ಗೋಡೆಗೆ ಮುಖ ಮಾಡಿ ಮಲಗಿದ ತಾಯಿಯ ಹಿಂದಲೆಯನ್ನು ನೋಡುತ್ತ ಫೆಲ್ಸಿ ಕುಳಿತಳು. ಮಾಯ್, ನಿನ್ನನ್ನು ನೆರಿಯಕ್ಕೇ ಕೊಂಡುಹೋಗ್ತೇವೆ. ಇಷ್ಟು ಹೇಳಿದರೆ ಸಾಕಿತ್ತು. ಆದರೆ ತಮ್ಮ ಒಪ್ಪದಿದ್ದರೆ? ಆ ಕಡೆಯ ಫಾದರ್ ಜಾಗ ಕೊಡದಿದ್ದರೆ? ಒಮ್ಮೆ ಕೊಟ್ಟ ಮಾತು ಹೀಗಾಯಿತು, ಎರಡನೆಯದೂ ಮುರಿದರೆ ಈ ಮುಖವನ್ನು ಮತ್ತೆ ನೋಡುವುದು ಹೇಗೆ? ಎಲ್ಲ ಸರಿಮಾಡಿ ಬಂದು ಆಮೇಲೆ ಹೇಳುತ್ತೇನೆ ಎಂದುಕೊಂಡಳು. ಬಿಟ್ಟುಹೋದ ರಹಸ್ಯಕ್ಕೆ ಹಿಂದಿರುಗಿ, ಒಂದು ಸಾಲೂ ನುಂಗದೆ, ತಾಯಿಗೆ ಕೇಳುವ ಹಾಗೆ ಪ್ರಾರ್ಥನೆ ಮುಗಿಸಿದಳು. ಅಷ್ಟನ್ನು ಮಾತ್ರ ಮಾಡಿದಳು.

ಬೆಳಿಗ್ಗೆ ಹಿಲ್ಡಾಳ ಹತ್ತಿರ, "ಮೂಡಬಿದಿರೆಗೆ ಹೋಗಿ ರಜೆ ಬರೆದು ಕೊಟ್ಟು ಬರ್ತೇನೆ," ಎಂದಳು. ತಮ್ಮನಿಗೂ ಈಗಲೇ ಹೇಳುವುದು ಬೇಡ; ಫಾದರ್ ಒಪ್ಪಿದ ಮೇಲೆ ಹೇಳಿದರೆ ಬೇಡವೆನ್ನಲಾರ. ಹೊರಡುವಾಗ ತಾಯಿಯ ಕೋಣೆಗೆ ಹೋದಳು. ಅಪೊಲಿನ್ ಬಾಯಿ ಕಣ್ಣು ಮುಚ್ಚಿದ್ದಳು. ಹೊದಿಕೆಯನ್ನು ಸರಿಪಡಿಸಿ, "ಸಂಜೆ ಬರ್ತೇನೆ ಮಾಯ್," ಎಂದಷ್ಟೇ ಹೇಳಿ ಬಂದಳು.

ಬೆಳ್ತಂಗಡಿಯ ಬಸ್ಸು ಧರ್ಮಸ್ಥಳಕ್ಕೆ ಹೋಗುವವರಿಂದ ತುಂಬಿತ್ತು. ಮಡಂತ್ಯಾರು ದಾಟುವವರೆಗೆ ನಿಂತೇ ಹೋದಳು. ಕೂರಲು ಸಿಕ್ಕಿದ ಮೇಲೆ, ಫಾದರ್ ಹತ್ತಿರ ಯಾವ ಮಾತು ಮೊದಲು, ಯಾವುದು ಆಮೇಲೆ ಎಂದು ಜೋಡಿಸಿಕೊಂಡಳು. ತಾಯಿಯ ಹತ್ತಿರ ಹೇಳಬೇಕಾದ್ದನ್ನೂ ಜೋಡಿಸಿದಳು. ಮೊದಲು ಕ್ಷಮೆ ಕೇಳಬೇಕೋ, ಮೊದಲು ಜಾಗದ ಸುದ್ದಿ ಹೇಳಬೇಕೋ ಎಂದು ತೀರ್ಮಾನವಾಗಲಿಲ್ಲ.

ನೆರಿಯದ ಕಪೆಲ್ ಬೆಳ್ತಂಗಡಿಯ ಇಗರ್ಜಿಯ ಕೈಕೆಳಗಿತ್ತು. ಫಾದರ್ ಸೈಕಲ್ ಹತ್ತಿ ಯಾವುದೋ ರೋಗಿಯ ಮನೆಗೆ ಹೋಗಿದ್ದರು. ಫೆಲ್ಸಿ ಮೆಟ್ಟಿಲ ಮೇಲೆ ಕಾದಳು. ಮಧ್ಯಾಹ್ನ ಕಳೆದು ಅವರು ಬಂದರು. ಲುಂಗಿಯ ಹಾಗೆ ನಿಲುವಂಗಿಯನ್ನು ಎತ್ತಿ ಕಟ್ಟಿದ್ದರು, ಬೆವರಿದ್ದರು. ಅವಳು ಜೋಡಿಸಿದ ಮಾತುಗಳಲ್ಲಿ ಅರ್ಧ ಮುಗಿಯುವ ಮೊದಲೇ ತಲೆಯಾಡಿಸಿದರು.

"ರೈಟರ್ ಬಾಯಿಯಾ? ಪ್ರತಿ ವರ್ಷ ಬಂದು, ಕಪೆಲಿನ ಅಂಗಳ ಗುಡಿಸಿಲ್ಲ ಅಂತ ನನಗೇ ಚ್ಚು ಅನ್ತಾರಲ್ಲ, ಅವರಾ? ಜಾಗ ಉಂಟು ಟೀಚರ್. ಯಜಮಾನರ ಬಲಬದಿಗೇ ಉಂಟು. ಅದಕ್ಕೆ ನೀವು ಇಷ್ಟು ದೂರ ಬರ್ಬೇಕಿತ್ತಾ? ನಿಮ್ಮ ಫಾದರ್ ಒಂದು ಮಾತು ಹೇಳಿ ಕಳಿಸಿದ್ರೆ ಸಾಕಿತ್ತು."

"ಹೊಳೆ, ಫಾದರ್..."

"ಹೊಳೆಯ ಈಚೆ ಲಾರಿ ನಿಲ್ಲಿಸಿ. ಎಸ್ಟೇಟಿನ ಜನ ಬಂದು ಹೊರ್ತಾರೆ. ಜ್ವರ ಬಂದವರನ್ನು ಈಚೆ ತರುದೂ ಹಾಗೆಯೇ. ಸುದ್ದಿ ಬಂದ ಕೂಡಲೇ ಗುಂಡಿ ತೋಡಿಸ್ತೇನೆ. ಸುದ್ದಿ ಬಾರದಿದ್ದರೆ ಬಾಯಿಗೆ ಗುಣ ಆಯ್ತು ಅಂತ ತಿಳ್ಕೊಳ್ತೇನೆ, ಆಗದಾ?" ಎಂದು ಅವರು ನಕ್ಕರು.

ಇಷ್ಟೇ ಆಗಿತ್ತೇ ಎನಿಸಿತು ಫೆಲ್ಸಿಗೆ. ಬೆಟ್ಟವೆಂದುಕೊಂಡದ್ದು ಒಂದು ಮಾತಿನಲ್ಲಿ ಮುಗಿದಿತ್ತು. ಮರಳುವಾಗ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ಹಲವು ದಿನಗಳ ಮೇಲೆ ಸ್ವಲ್ಪ ನಿದ್ದೆ ಮಾಡಿದಳು. ಎಚ್ಚರವಾದಾಗ ತೀರ್ಮಾನವೂ ಆಗಿತ್ತು: ಮೊದಲು ಜಾಗದ ಸುದ್ದಿ, ಕ್ಷಮೆ ಆಮೇಲೆ.

ಬಂಟ್ವಾಳದಲ್ಲಿ ಇಳಿದಾಗ ಇಗರ್ಜಿಯ ಗಂಟೆ ಬಾರಿಸುತ್ತಿತ್ತು. ಸಂಜೆಯ ಪ್ರಾರ್ಥನೆಯ ಗಂಟೆಯಲ್ಲ, ಸಾವಿನ ಗಂಟೆ. ಒಂದು ಪೆಟ್ಟು, ಅದರ ನಾದ ಪೂರಾ ಅಡಗುವವರೆಗೆ ಮೌನ, ಮತ್ತೊಂದು ಪೆಟ್ಟು. ಬೀಡಿ ಅಂಗಡಿಯ ಹಸೈನಾರ್ ಅವಳನ್ನು ನೋಡಿ ಬೆಂಚಿನಿಂದ ಎದ್ದು ನಿಂತ.

ಮನೆಯ ಜಗಲಿಯಿಂದ ಸೋಡಾದ ಪೆಟ್ಟಿಗೆಗಳೆಲ್ಲ ಹೊರಗೆ ಹೋಗಿ ಬೆಂಚುಗಳು ಬಂದಿದ್ದವು. ಬಲ್ತಜಾರ್ ಯಾರನ್ನೋ ಎಲ್ಲಿಗೋ ಓಡಿಸುತ್ತಿದ್ದ. ವಲೇರಿಯನ್ ಅಂಗಳಕ್ಕೇ ಇಳಿದು ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡ. ಅಳುತ್ತಿದ್ದ, ಆದರೆ ಮುಖದಲ್ಲಿ ಅಳುವಿನ ಜೊತೆಗೆ ಇನ್ನೇನೋ ಹೊಳೆಯುತ್ತಿತ್ತು.

"ಅಕ್ಕಾ, ಮಾಯ್ ಮಾತಾಡಿದ್ಲು!"

ಫೆಲ್ಸಿ ಅಲ್ಲೇ ನಿಂತಳು.

"ಮಧ್ಯಾಹ್ನ ನಮ್ಮ ಫಾದರ್ ಕೊನೆಯ ಎಣ್ಣೆ ಹಚ್ಲಿಕ್ಕೆ ಬಂದಿದ್ರು. ಹಚ್ಚಿ ಆಗುವಾಗ ಕಣ್ಣು ಬಿಟ್ಲು. ನಾಲಗೆ ತೊದಲ್ತಿತ್ತು, ಆದ್ರೆ ಎಲ್ಲರಿಗೂ ಕೇಳಿತು. ಇಲ್ಲಿಯೇ ಸಾಕು ಅಂದ್ಲು. ನೆರಿಯ ದೂರ, ಮಕ್ಕಳಿಗೆ ಕಷ್ಟ ಕೊಡ್ಬೇಡಿ ಅಂದ್ಲು. ಫಾದರಿನ ಕೈ ಹಿಡಿದು ಹೇಳಿದ್ಲು ಅಕ್ಕಾ! ನಾವು ಕೇಳ್ಲೇ ಇಲ್ಲ. ಅವಳಾಗಿಯೇ."

"ಪುಣ್ಯವಂತೆ," ಎಂದ ಬಲ್ತಜಾರ್, ಟೋಪಿ ತೆಗೆದು. "ನಮ್ಮ ಮನಸ್ಸಿನಲ್ಲಿದ್ದದ್ದನ್ನು ದೇವರು ಅವರ ಬಾಯಿಂದ ಹೇಳಿಸಿದ. ಎಷ್ಟು ಸಾವು ನೋಡಿದ್ದೇನೆ, ಇಂಥದ್ದು ನೋಡಿಲ್ಲ ಮಾರಾಯ್ರೆ."

ಫೆಲ್ಸಿ ಒಳಗೆ ಹೋದಳು. ಅಪೊಲಿನ್ ಬಾಯಿಯನ್ನು ತೊಳೆದು ಕೆಂಪು ಸಾಡೊ ಉಡಿಸಿ ಆಗಿತ್ತು. ಹಿಲ್ಡಾ ಪಕ್ಕದಲ್ಲಿ ಕುಳಿತು ತಲೆಗೂದಲನ್ನು ನೇವರಿಸಿ ಸರಿಮಾಡುತ್ತಿದ್ದಳು. ಫೆಲ್ಸಿ ತಾಯಿಯ ಹಣೆಗೆ ತುಟಿಯಿಟ್ಟಳು. ದಾರಿಯುದ್ದಕ್ಕೂ ಜೋಡಿಸಿಟ್ಟ ಮಾತಿನಲ್ಲಿ ಒಂದೂ ನೆನಪಾಗಲಿಲ್ಲ.

ಹಿಂದೆಯೇ ಬಂದ ವಲೇರಿಯನ್ ಮೂಗೊರೆಸಿಕೊಂಡು ಹೇಳಿದ: "ನಿನ್ನನ್ನೂ ಕೇಳಿದ್ಲು. ಫೆಲ್ಸಿ ಎಲ್ಲಿ ಅಂತ. ರಜೆ ಬರೆದು ಕೊಡ್ಲಿಕ್ಕೆ ಮೂಡಬಿದಿರೆಗೆ ಹೋಗಿದ್ದಾಳೆ ಅಂದೆ. ನನಗೆ ಬೇಸರ ಇಲ್ಲ ಅಂತ ಹೇಳಿ ಅಂದ್ಲು. ಅದೇ ಕೊನೆ." ಅವನು ಅಕ್ಕನ ಮುಖ ನೋಡಿದ. "ಎಂಥ ಬೇಸರ ಅಕ್ಕಾ? ನೀವಿಬ್ಬರೂ ಏನಾದ್ರೂ ಮಾತಾಡಿದ್ದಿರಾ?"

ನಿಜ ಹೇಳಲು ಬಾಗಿಲು ತೆರೆದಿತ್ತು. ಒಂದು ಹೆಜ್ಜೆ ಇಟ್ಟರೆ ಆಗುತ್ತಿತ್ತು. ಫೆಲ್ಸಿ ತಮ್ಮನನ್ನು ನೋಡಿದಳು. ಇಲ್ಲಿಯೇ ಸಾಕೆಂಬ ಆ ಒಂದು ಮಾತನ್ನು ಹಿಡಿದುಕೊಂಡೇ ಅವನು ನೆಟ್ಟಗೆ ನಿಂತಿದ್ದ. ಮಾಯ್ ಅದನ್ನು ಹೇಳಿದ್ದು ದೇವರು ಹೇಳಿಸಿದ್ದರಿಂದಲ್ಲ, ನಿನ್ನ ಲಾರಿಯ ಮಾತನ್ನು ಕೇಳಿ. ಪೆಟ್ಟಿಗೆಯ ಉದ್ದ ಅಳೆದದ್ದನ್ನು, ನಾವೆಲ್ಲ ನಕ್ಕದ್ದನ್ನು ಕೇಳಿ. ಎಲ್ಲಕ್ಕಿಂತ ನನ್ನ ಮಾತನ್ನು ಕೇಳಿ. ಇದನ್ನು ಹೇಳಿದರೆ ನೆರಿಯದ ಜಾಗ ಸಿಗುತ್ತದೆ. ತಮ್ಮ ಲಾರಿ ಹಿಡಿದು ತಂದಾನು. ಆದರೆ ಆಮೇಲೆ ಸಾಯುವವರೆಗೆ ಆ ಸಂಜೆ ತಾನು ನಕ್ಕ ನಗುವನ್ನೇ ಕೇಳಿಸಿಕೊಂಡಾನು.

ಇದು ನಿಜ. ತನ್ನ ಮಾತೂ ಹೊರಗೆ ಬರುತ್ತದೆಂಬ ಹೆದರಿಕೆಯೂ ಅಷ್ಟೇ ನಿಜ. ಯಾವುದು ಮುಂದೆ, ಯಾವುದು ಹಿಂದೆ ಎಂದು ಅವಳಿಗೇ ತಿಳಿಯಲಿಲ್ಲ.

"ಗೊತ್ತಿಲ್ಲ," ಎಂದಳು.

ಸ್ವಲ್ಪ ಹೊತ್ತಿನಲ್ಲಿ ಫಾದರ್ ಬಂದರು. ನಾಳೆ ಬೆಳಿಗ್ಗೆ ಪೂಜೆ, ಹಾಡುಗಳು ಯಾವುವು, ವಾಚನ ಯಾರದು ಎಂದೆಲ್ಲ ಗೊತ್ತುಮಾಡಿದರು. ಕೊನೆಗೆ ಫೆಲ್ಸಿಯ ಕಡೆಗೆ ತಿರುಗಿದರು. "ಹಿರಿಯ ಮಗಳು ನೀವು. ಜಾಗದ ವಿಷಯದಲ್ಲಿ ನಿಮ್ಮದು ಬೇರೆ ಮಾತೇನಾದ್ರೂ ಉಂಟಾ? ಬಾಯಿ ನನ್ನ ಹತ್ರ ಹೇಳಿದ್ದಾರೆ, ಆದರೂ ನಿಮ್ಮನ್ನು ಕೇಳ್ಬೇಕು."

ಕೋಣೆಯಲ್ಲಿದ್ದವರೆಲ್ಲ ಅವಳನ್ನು ನೋಡಿದರು.

"ಇಲ್ಲ ಫಾದರ್," ಎಂದಳು ಫೆಲ್ಸಿ. "ಅವಳು ಹೇಳಿದ ಹಾಗೆಯೇ ಆಗಲಿ."

ಮಾರನೆಯ ದಿನ ಬಹಳ ಜನ ಸೇರಿದರು. ಸೋಡಾ ಅಂಗಡಿಯ ಗಿರಾಕಿಗಳು, ನೆರೆಯ ಬ್ಯಾರಿಗಳು, ಬಂಟರು, ಮೂಡಬಿದಿರೆಯಿಂದ ಫೆಲ್ಸಿಯ ಶಾಲೆಯವರು. ನೆರಿಯಕ್ಕೆ ಇಷ್ಟು ಜನ ಬರುತ್ತಿದ್ದರೇ ಎಂದು ಬಲ್ತಜಾರ್ ಪಿಸುಗುಟ್ಟಿದ. ಪ್ರಸಂಗದಲ್ಲಿ ಫಾದರ್ ಆ ಮಾತನ್ನೇ ಎತ್ತಿಕೊಂಡರು. ಗಂಡನ ಪಕ್ಕದಲ್ಲಿ ಮಲಗುವ ಆಸೆ ಯಾವ ಹೆಂಗಸಿಗೆ ಇಲ್ಲ, ಅದನ್ನೂ ಮಕ್ಕಳಿಗಾಗಿ ತಾನಾಗಿಯೇ ಬಿಟ್ಟುಕೊಟ್ಟ ತಾಯಿ ಎಂದರು. ಹೆಂಗಸರು ಕಣ್ಣೊರೆಸಿಕೊಂಡರು. ತಾನಾಗಿಯೇ ಎಂಬಲ್ಲಿ ಫೆಲ್ಸಿ ತಲೆ ತಗ್ಗಿಸಿದಳು. ಪೆಟ್ಟಿಗೆ ಇಳಿಸಿ ಎಲ್ಲರೂ ಹಿಡಿಮಣ್ಣು ಹಾಕಿದಾಗ, ಕೆಳಗಿರುವ ತಾಯಿಗಿಂತ ಕಾಡಂಚಿನಲ್ಲಿ ಒಬ್ಬನೇ ಮಲಗಿದ ಅಪ್ಪನ ಯೋಚನೆ ಅವಳಿಗೆ ಹೆಚ್ಚಾಗಿ ಬಂತು. ಬಲಬದಿಯ ಆ ನೆಲದಲ್ಲಿ ಈಗ ಕಳೆ ಬೆಳೆಯುತ್ತಿರಬಹುದು.

ತಿಂಗಳ ಪೂಜೆಯ ಸಿದ್ಧತೆಗೆ ಅವಳು ಒಂದು ಶನಿವಾರ ಮತ್ತೆ ಬಂಟ್ವಾಳಕ್ಕೆ ಬಂದಳು. ಹಂಚುವ ನೆನಪಿನ ಕಾರ್ಡಿಗೆ ಒಂದು ಸಾಲು ಬರೆದು ಕೊಡು, ಓದಿದವಳು ನೀನು ಎಂದ ವಲೇರಿಯನ್. ಅವಳು ಎರಡು ಮೂರು ಬರೆದಳು, ಹೊಡೆದು ಹಾಕಿದಳು. ಕೊನೆಗೆ ಹೆಸರು, ಹುಟ್ಟಿದ ದಿನ, ತೀರಿದ ದಿನ ಇಷ್ಟೇ ಸಾಕೆಂದಳು.

"ಇಷ್ಟೇನಾ? ಅವಳ ಆ ಮಾತು ಹಾಕುವ ಅಂತ ಇದ್ದೆ," ಎಂದ ಅವನು ನಿರಾಸೆಯಿಂದ. ಆಮೇಲೆ, ಸೋಡಾ ಬಾಟ್ಲಿಗಳನ್ನು ಒರೆಸುತ್ತ, ಬೇರೆ ಕಡೆ ನೋಡಿಕೊಂಡು ಕೇಳಿದ: "ಅಕ್ಕಾ, ನಾವು ಮಾಯಿಯ ಮಾತು ನಡೆಸಿಕೊಟ್ಟೆವು ಅಲ್ವಾ? ಕೆಲವು ರಾತ್ರಿ ನನಗೆ ಏನೇನೋ ತೋರ್ತದೆ."

ಅವಳು ಎದ್ದು ಹೋಗಿ ಅವನ ಪಕ್ಕದಲ್ಲಿ ಕುಳಿತು ಒಂದು ಬಾಟ್ಲಿ ಎತ್ತಿಕೊಂಡಳು.

"ನಡೆಸಿಕೊಟ್ಟೆವು," ಎಂದಳು. ಈ ಸಲ ಮಾತನ್ನು ಅಳೆಯಲಿಲ್ಲ.

ಅಲ್ಲಿಯೇ ಕುಳಿತು ಬಾಟ್ಲಿ ಒರೆಸುತ್ತ ಅವಳು ನಿಶ್ಚಯಿಸಿದಳು. ಬೆಳ್ತಂಗಡಿಗೆ ಸುದ್ದಿ ಕಳಿಸುವುದಿಲ್ಲ. ಬಾಯಿಗೆ ಗುಣವಾಯಿತೆಂದು ಅಲ್ಲಿಯ ಫಾದರ್ ತಿಳಿದುಕೊಂಡಿದ್ದರೆ ಹಾಗೆಯೇ ಇರಲಿ. ನವೆಂಬರಿನಲ್ಲಿ ಅಪ್ಪನ ಹತ್ತಿರ ತಾನೊಬ್ಬಳೇ ಹೋಗುತ್ತೇನೆ, ಕೇಳಿದವರಿಗೆ ಏನಾದರೊಂದು ಹೇಳಿದರಾಯಿತು. ಪಾಪನಿವೇದನೆಗೆ ಮೊಣಕಾಲೂರಿದಾಗ ಒಂದು ಸುಳ್ಳು ಹೇಳಿದ್ದೇನೆ ಎಂದಷ್ಟೇ ಹೇಳಬೇಕು. ಯಾವ ಸುಳ್ಳು, ಯಾರು ಕೇಳಿಸಿಕೊಂಡರು ಎಂಬುದನ್ನು ಆ ಜಾಲರಿಯ ಆಚೆ ಕುಳಿತ ಫಾದರಿಗೂ ಹೇಳುವುದಿಲ್ಲ.